ದೋಣಿಯ ಮುಂದಿನ ಹಲಗೆ

ದಮಯಂತಿ ಹುಟ್ಟಿದ್ದು ಕನ್ಯಾನದ ಆಚೆಯ ಗುಡ್ಡದಲ್ಲಿ. ಅಲ್ಲಿ ನೀರೆಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಬೆರಳು ದಪ್ಪಕ್ಕೆ ಸುರಿಯುವ ನೀರು. ಕೊಡ ಇಟ್ಟು ಕಾಯಬೇಕು. ಅಂಥವಳನ್ನು ಬಂಟ್ವಾಳದ ಕಡೆಗೆ, ನೇತ್ರಾವತಿಯ ದಡದಲ್ಲಿ ಕಡವಿನ ದೋಣಿ ನಡೆಸುವ ಧರ್ಣಪ್ಪನಿಗೆ ಕೊಟ್ಟರು. ಹೊಳೆ ದಾಟಿಸುವ ಜಾಗಕ್ಕೆ ಅಲ್ಲಿ ಕಡವು ಎನ್ನುತ್ತಾರೆ. ಮದುವೆಯಾಗಿ ಬಂದ ವರ್ಷ ಅವಳು ಹೊಳೆಯ ಹತ್ತಿರ ಸುಳಿಯಲಿಲ್ಲ. ಜಗಲಿಯಲ್ಲಿ ಕೂತು ಬೀಡಿ ಕಟ್ಟಿದಳು. ಜಗಲಿ ಕಡವಿಗಿಂತ ಎತ್ತರದಲ್ಲಿತ್ತು. ಕೈಯೂ ಕಣ್ಣೂ ಎಲೆಯ ಮೇಲಿದ್ದರೆ ಕಿವಿಗೆ ಬೇರೆ ಕೆಲಸವಿಲ್ಲ. ಹೀಗೆ ಹೊಳೆಯನ್ನು ಅವಳು ನೋಡಿ ತಿಳಿದದ್ದಕ್ಕಿಂತ ಕೇಳಿ ತಿಳಿದದ್ದು ಹೆಚ್ಚು.

ಆಚೆ ದಡದಲ್ಲಿ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಹಾಕುತ್ತಿದ್ದರು. ಧರ್ಣಪ್ಪ ದೋಣಿ ಬಿಚ್ಚುತ್ತಿದ್ದ. ಕತ್ತಲಾದ ಮೇಲೆ ಮಾತ್ರ ಒಂದು ನಿಯಮವಿತ್ತು. ಅವನ ಅಪ್ಪ ಸುಬ್ಬಪ್ಪ ಹಾಕಿಕೊಟ್ಟದ್ದು. ಮೊದಲ ಕೂಗಿಗೆ ಏಳಬಾರದು, ಎರಡನೆಯದಕ್ಕೂ ಏಳಬಾರದು. ಮನುಷ್ಯನಲ್ಲದ್ದು ಮೂರು ಸಲ ಕರೆಯುವುದಿಲ್ಲ, ಆದ್ದರಿಂದ ಮೂರನೆಯ ಕೂ ಬಂದರೆ ಹೆದರದೆ ಹೊರಡಬಹುದು. ಆಚೆ ದಡದವರಿಗೂ ಇದು ಗೊತ್ತಿತ್ತು. ಸಂಜೆ ಮೀರಿ ಬಂದವರು ಯಾವ ಬೇಸರವೂ ಇಲ್ಲದೆ ಮೂರು ಸಲ ಕರೆದು, ಬೀಡಿ ಹಚ್ಚಿ ಕಾಯುತ್ತಿದ್ದರು.

ಕಡವಿನ ಕೊನೆಯ ಕೆಲವು ವರ್ಷಗಳಲ್ಲಿ ಧರ್ಣಪ್ಪ ಈ ನಿಯಮವನ್ನು ಹಗಲಿಗೂ ಹಿಡಿದ. ನಡುಹಗಲು ಯಾರಾದರೂ ಕರೆದರೆ ಅವನು ದೋಣಿಯ ಅಂಚಿನಲ್ಲಿ ಬಲೆ ಬಿಡಿಸುತ್ತಾ ಕೂತೇ ಇರುತ್ತಿದ್ದ. ಡೈರಿಗೆ ಹಾಲು ಕೊಂಡೊಯ್ಯುವ ಗುರುವಪ್ಪ ಒಂದು ದಿನ ದೋಣಿಗೆ ಕಾಲಿಡುತ್ತಲೇ, “ನಿನ್ನ ಕಡವಿನಲ್ಲಿ ಹಗಲಿಗೂ ಭೂತ ಉಂಟಾ ಮಾರಾಯ? ನನ್ನ ಹಾಲು ಮೊಸರಾಯ್ತು” ಎಂದ. ಧರ್ಣಪ್ಪ ನಕ್ಕ. ಎರಡೂ ದಡದಲ್ಲಿ ಧರ್ಣಪ್ಪನ ಕಟ್ಟುನಿಟ್ಟಿನ ಬಗ್ಗೆ ಮಾತು ಹಬ್ಬಿತು. ಕೆಲವರಿಗೆ ಅದರ ಮೇಲೆ ಗೌರವವೂ ಹುಟ್ಟಿತು. ಅಪ್ಪನ ಮಾತನ್ನು ಹೀಗೆ ಹಿಡಿದುಕೊಂಡವರು ಈಗ ಯಾರಿದ್ದಾರೆ ಎಂದರು.

ಜಗಲಿಯಲ್ಲಿದ್ದವಳಿಗೆ ಬೇರೆಯದು ಕಂಡಿತು. ಮೂರನೆಯ ಕೂಗಿಗೂ ಅವನು ಏಳುತ್ತಿರಲಿಲ್ಲ. ಅವಳು ಬೀಡಿಯ ಮೊರ ಕೆಳಗಿಟ್ಟು ಮೆಟ್ಟಿಲಿಳಿದು ಬರುವುದು ಕಂಡರೆ ಏಳುತ್ತಿದ್ದ. ಒಂದು ದಿನ ಪರೀಕ್ಷೆ ಮಾಡಿಯೇ ನೋಡಿದಳು. ಇಳಿಯದೆ ಕೂತಳು. ಆಚೆ ದಡದ ಹೆಂಗಸು ಐದು ಸಲ ಕರೆದಳು. ಧರ್ಣಪ್ಪ ತಲೆ ಎತ್ತಲಿಲ್ಲ. ದಮಯಂತಿ ಎದ್ದು ಮೆಟ್ಟಿಲಿಳಿದಳು.

ಅವಳು ಅವನಿಗೆ ಏನೂ ಹೇಳಲಿಲ್ಲ, ಬೇರೆಯವರಿಗೂ ಹೇಳಲಿಲ್ಲ. ಕಡವಿನವನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಜನ ಅವನ ದೋಣಿ ಹತ್ತುವುದಿಲ್ಲ, ಹತ್ತಿದರೂ ಕರುಣೆಯಿಂದ ಹತ್ತುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಅವನೂ ಹೇಳಲಿಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ನಡುವೆ ಇಟ್ಟುಕೊಂಡು ಅದರ ಆಚೀಚೆ ಓಡಾಡಿಕೊಂಡಿರಲು ಸಾಧ್ಯವೇ ಎಂದು ಕೇಳಬಹುದು. ಮದುವೆಯಾದವರು ಕೇಳಲಾರರು.

ಮೇಲ್ಗಡೆ ಸೇತುವೆಯಾಗಿ ಕಡವು ನಿಂತಾಗ ಊರವರು ಅಯ್ಯೋ ಎಂದರು. ದಮಯಂತಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ದೋಣಿ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕೆಳಗಿನ ಅಣೆಕಟ್ಟಿನ ಬಾಗಿಲು ಹಾಕಿದರೆ ಅವರ ಮನೆಯ ಮುಂದೆ ಹೊಳೆ ಓಡುವುದನ್ನು ಬಿಟ್ಟು ನಿಲ್ಲುತ್ತದೆ. ದಡಕ್ಕೂ ಹೊಳೆಯ ನಡುವೆ ಎದ್ದ ಮರಳುದಿಬ್ಬಗಳಾದ ಕುದುರುಗಳಿಗೂ ಮಧ್ಯೆ, ಮಳೆಗಾಲದಲ್ಲಿ ಯಾರೂ ಇಳಿಯದ ಇಕ್ಕಟ್ಟಿನ ಕವಲುಗಳಲ್ಲಿ, ಒಂದು ದೋಣಿ ಹಿಡಿಸುವಷ್ಟು ಅಗಲಕ್ಕೆ ನೀರು ತುಂಬುತ್ತದೆ. ಎರಡೂ ಕಡೆಯಿಂದ ಕೇದಗೆ, ಹೊಳೆನೇರಳೆ ಬಾಗಿರುತ್ತವೆ. ಅಲ್ಲಿ ಹಾವಕ್ಕಿ ರೆಕ್ಕೆ ಒಣಗಿಸುತ್ತದೆ, ಮಿಂಚುಳ್ಳಿ ಬೀಳುತ್ತದೆ, ಎಲ್ಲಿಂದಲೋ ಬಂದ ಮೀನುಗಿಡುಗ ಒಣಮರದ ತುದಿಯಲ್ಲಿ ಇಡೀ ಚಳಿಗಾಲ ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನೀರುನಾಯಿಗಳಿವೆ. ಪುಂಜಾಲಕಟ್ಟೆಯ ರಸ್ತೆಯಲ್ಲಿ ಹೋಮ್‌ಸ್ಟೇ ಇಟ್ಟಿರುವ ಶಂಭು, ಪುಣೆಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಬಂದವನು, ತನ್ನ ಅತಿಥಿಗಳನ್ನು ಬೆಳಿಗ್ಗೆ ಧರ್ಣಪ್ಪನ ದೋಣಿಗೆ ಕಳುಹಿಸತೊಡಗಿದ.

ನೀರುನಾಯಿಗಳನ್ನು ಧರ್ಣಪ್ಪ ಯಾವಾಗಲೂ ಕಂಡುಹಿಡಿಯುತ್ತಿದ್ದದ್ದು ಶಿಳ್ಳೆಯಿಂದ. ಅವು ಒಂದಕ್ಕೊಂದು ಚೂಪಾಗಿ ಶಿಳ್ಳೆ ಹಾಕುತ್ತವೆ. ಆ ಕಡೆಗೆ ಗಳ ಊರಿ ಸದ್ದಿಲ್ಲದೆ ಹೋದರೆ ಸಿಗುತ್ತವೆ. ಆ ಮೊದಲ ವರ್ಷ ಅವನು ಎರಡು ಸಲ ಬರಿಗೈಯಲ್ಲಿ ಬಂದ. ಅತಿಥಿಗಳು ಹೋದ ಮೇಲೆ ತುಂಬ ಹೊತ್ತು ದೋಣಿ ತೊಳೆದ. ಮೂರನೆಯ ಸಲ ದಮಯಂತಿ ಕತ್ತಿ ಹಿಡಿದು ಬಂದು, ಕುದುರಿನಲ್ಲಿ ದನಕ್ಕೆ ಹುಲ್ಲು ಕೊಯ್ಯಬೇಕು ಎಂದು ದೋಣಿ ಹತ್ತಿ, ಎಲ್ಲರಿಗಿಂತ ಮುಂದಿನ ಅಡ್ಡಹಲಗೆಯ ಮೇಲೆ ಕೂತಳು. ಅರ್ಧ ದಾರಿಯಲ್ಲಿ ಬಲಗಡೆಯಿಂದ ಶಿಳ್ಳೆ ಬಂತು. ಕೂಗಿ ಹೇಳುವ ಹಾಗಿಲ್ಲ; ಕೂಗಿದರೆ ನೀರುನಾಯಿಯೂ ಹೋಯಿತು, ಗಂಡನ ಮರ್ಯಾದೆಯೂ ಹೋಯಿತು. ಅವಳ ಬಲಗಾಲಿನ ಹಿಮ್ಮಡಿ ತಾನಾಗಿ ದೋಣಿಯ ಮರಕ್ಕೆ ಕುಟ್ಟಿತು. ದೋಣಿ ಹೆಬ್ಬಲಸಿನ ಮರದ್ದು, ಹಳೆಯದು. ಮುಂದೆ ಕುಟ್ಟಿದ್ದು ಹಿಂದೆ ಬರಿಗಾಲಲ್ಲಿ ನಿಂತವನ ಅಂಗಾಲಿಗೆ ಹೋಗಿ ಮುಟ್ಟಿತು. ದೋಣಿ ಮೆಲ್ಲಗೆ ಬಲಕ್ಕೆ ತಿರುಗಿತು.

ಅಂದಿನಿಂದ ಬಲ ಹಿಮ್ಮಡಿಗೆ ಬಲ, ಎಡಕ್ಕೆ ಎಡ, ಎರಡೂ ಒಟ್ಟಿಗೆ ಕುಟ್ಟಿದರೆ ನಿಲ್ಲು. ಯಾರೂ ಯಾರಿಗೂ ಕಲಿಸಿದ್ದಲ್ಲ. ಅತಿಥಿಗಳು ದೋಣಿಯವನ ಚಾಕಚಕ್ಯತೆ ಹೊಗಳಿ ಹೋಗುತ್ತಿದ್ದರು; ಮುಂದೆ ಬೆನ್ನು ಹಾಕಿ ಕೂತ ಹೆಂಗಸನ್ನು ಹುಲ್ಲಿಗೆ ಬಂದವಳು ಎಂದುಕೊಳ್ಳುತ್ತಿದ್ದರು. ಅವಳಿಗೆ ಬೇಕಾದದ್ದೂ ಅದೇ. ಹೀಗೆ ನಾಲ್ಕು ಚಳಿಗಾಲ ಕಳೆಯಿತು.

ಈ ನವೆಂಬರಿನಲ್ಲಿ ಮಾತ್ರ ಅವಳು ಹೆದರಿದಳು. ತಡವಾಗಿ ಬಂದ ಮಳೆಗೆ ಮೇಲಿನ ಅಣೆಕಟ್ಟು ತುಂಬಿ, ಬಾಗಿಲು ತೆಗೆಯುವ ಮೊದಲಿನ ಸೈರನ್ ಆಯಿತು. ಧರ್ಣಪ್ಪ ಒಬ್ಬನೇ ಕುದುರಿನಲ್ಲಿದ್ದ, ಹುಲ್ಲು ಕೊಯ್ಯುತ್ತಿದ್ದ. ಊರಿಗೆಲ್ಲ ಕೇಳಿದ ಸೈರನ್ ಅವನಿಗೆ ಕೇಳಲಿಲ್ಲ. ದಮಯಂತಿ ಹೊಳೆಗೆ ಓಡಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಅವನು ಹೆಗಲಿಗೆ ಹಾಕುವ ಕೆಂಪು ಬೈರಾಸನ್ನು ಬೀಸಿದಳು. ಅವನು ಸೊಂಟ ನೆಟ್ಟಗೆ ಮಾಡಲೆಂದು ಎದ್ದಾಗ ಕಂಡಿತು. ಅವನ ದೋಣಿ ದಡ ಮುಟ್ಟುವುದಕ್ಕೂ ಹಿಂದೆ ಕುದುರಿನ ಮರಳು ಮುಳುಗುವುದಕ್ಕೂ ಸರಿಯಾಯಿತು. ಅವನು ದೋಣಿ ಕಟ್ಟಿ ಮೇಲೆ ಬಂದ. ಅವಳು ಒಳಗೆ ಹೋಗಿ ಗಂಜಿ ಬಡಿಸಿದಳು.

ಡಿಸೆಂಬರಿನಲ್ಲಿ ಮಗ ಅಶೋಕ ದುಬಾಯಿಯಿಂದ ರಜೆಗೆ ಬಂದ. ಮೇ ತಿಂಗಳಲ್ಲಿ ಮದುವೆಯಾಗಿ ಹದಿನೈದೇ ದಿನಕ್ಕೆ ಹಿಂದೆ ಹೋದವನು. ಹೆಂಡತಿ ಮೋಕ್ಷಿತಾ ಪುತ್ತಿಗೆಯವಳು, ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರು. ನೀರುನಾಯಿಯನ್ನು ಹತ್ತಿರದಿಂದ ನೋಡಬೇಕೆಂದು ಅವಳಿಗೆ ಆಸೆ. ದುಬಾಯಿಯಲ್ಲಿ ಅಶೋಕನ ಜೊತೆ ಒಂದೇ ರೂಮಿನಲ್ಲಿರುವ ರಹ್ಮತನೂ ರಜೆಯಲ್ಲಿದ್ದ. ದೊಡ್ಡ ಕ್ಯಾಮರಾ, ಅದಕ್ಕೊಂದು ಮುಕ್ಕಾಲಿ ಹೊತ್ತುಕೊಂಡು ಅವನೂ ಬಂದು ಇಳಿದ. ಮರುದಿನ ಬೆಳಿಗ್ಗೆ ಹೋಗುವುದೆಂದಾಯಿತು.

ಸಂಜೆ ದಮಯಂತಿ ತೆಂಗಿನಕಾಯಿ ತುರಿಯುತ್ತಿದ್ದಾಗ ಅಶೋಕ ಹತ್ತಿರ ಬಂದು ಕೂತ. ಅಪ್ಪನಿಗೆ ವಯಸ್ಸಾಯಿತು, ಇನ್ನು ಈ ದೋಣಿ ಯಾಕೆ ಎಂದು ಶುರು ಮಾಡಿದ. ಬೆಳ್ತಂಗಡಿ ಕಡೆಯ ಒಂದು ರೆಸಾರ್ಟಿನವರು ಹಳೆಯ ಮರದ ದೋಣಿ ಹುಡುಕುತ್ತಿದ್ದಾರಂತೆ. ಅಂಗಳದಲ್ಲಿಟ್ಟು, ಮಣ್ಣು ತುಂಬಿಸಿ, ಹೂವಿನ ಗಿಡ ನೆಡುತ್ತಾರಂತೆ. ನೋಡಲಿಕ್ಕೆ ಚಂದ ಇರುತ್ತದೆ, ಹಾಳಾಗುವುದೂ ಇಲ್ಲ ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅಪ್ಪನ ಕಿವಿಯ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹೇಳಿದರೆ ನಾಳೆಯೇ ದೋಣಿಗೆ ಮಣ್ಣು ತುಂಬುತ್ತದೆ. ಹೇಳದಿದ್ದರೆ ಈಜು ಬಾರದ ಸೊಸೆಯನ್ನು ಕೂರಿಸಿಕೊಂಡು ಕಿವಿ ಕೇಳದವನು ಇಕ್ಕಟ್ಟಿನ ಕವಲಿಗೆ ಹೋಗುತ್ತಾನೆ. ಎರಡರಲ್ಲಿ ಒಂದನ್ನೂ ಆರಿಸಲಾರದೆ, ತಾನೂ ಬರುತ್ತೇನೆ ಎಂದಳು. ಅಶೋಕ ನಕ್ಕ. ನಿತ್ಯ ನೋಡುವ ಹೊಳೆ, ರಹ್ಮತನ ಸಾಮಾನು ಬೇರೆ ಉಂಟು, ಜಾಗ ಎಲ್ಲಿ ಎಂದ.

“ಜಾಗ ಇಲ್ಲದಿದ್ದರೆ ಆ ಮುಕ್ಕಾಲಿ ಇಲ್ಲೇ ಇರಲಿ,” ಎಂದಳು ದಮಯಂತಿ. “ನಾನು ಬರ್ತೇನೆ.”

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ರಹ್ಮತ ಮರುಭೂಮಿಯ ಚಳಿಗೆ ಕೊಂಡ ದಪ್ಪ ಜಾಕೆಟ್ಟನ್ನು ಇಲ್ಲಿ ಹಾಕಿ ಬೆವರುತ್ತಿದ್ದ. ದಮಯಂತಿ ದನದ ಹಟ್ಟಿಯ ಬಾಗಿಲು ಹಾಕಿ ಬರುವಷ್ಟರಲ್ಲಿ ಅಶೋಕ ಮುಂದಿನ ಹಲಗೆಯ ಮೇಲೆ ಕೂತು ಮೊಬೈಲ್ ಹಿಡಿದಾಗಿತ್ತು. ಅಲ್ಲಿಂದ ಏಳು, ನಾನು ಕೂರುತ್ತೇನೆ ಎಂದಳು. ಮುಂದೆ ಗಾಳಿ ಅಮ್ಮ, ನಿನಗೆ ಚಳಿಯಾಗುತ್ತದೆ ಎಂದು ಅವನು ಕದಲಲಿಲ್ಲ. ಧರ್ಣಪ್ಪ ಆಗಲೇ ಗಳ ಎತ್ತಿದ್ದ. ನಿಂತು ವಾದ ಮಾಡುವ ಹೊತ್ತಲ್ಲ. ಅವಳು ಮೋಕ್ಷಿತಾಳಿಗೂ ಮುಕ್ಕಾಲಿಗೂ ನಡುವೆ, ತಳದಲ್ಲಿ ಹಾಸಿದ ಬಿಡಿ ಹಲಗೆಗಳ ಮೇಲೆ ಮಡಚಿ ಕೂತಳು.

ದೋಣಿ ಕವಲಿಗೆ ಹೊಕ್ಕಿತು. ಗಳ ಊರಿದಾಗ ನೀರಿನಿಂದ ಏಳುವ ಗುಳ್ಳೆ, ತೊಟ್ಟಿಕ್ಕುವ ಇಬ್ಬನಿ, ಅಷ್ಟೇ ಸದ್ದು. ಹಾವಕ್ಕಿ ಕಂಡಿತು, ಮೋಕ್ಷಿತಾ ಅತ್ತೆಯ ಕೈ ಹಿಡಿದು ತೋರಿಸಿದಳು. ಮಿಂಚುಳ್ಳಿ ಎರಡು ಸಲ ನೀರಿಗೆ ಬಿದ್ದು ಎರಡೂ ಸಲ ಖಾಲಿ ಕೊಕ್ಕಿನಲ್ಲಿ ಎದ್ದಿತು. ರಹ್ಮತ, ಇದು ನಮ್ಮ ಸೂಪರ್‌ವೈಸರಿನ ಹಾಗೆ, ಬರೀ ಆರ್ಭಟ ಎಂದು ಮೆಲ್ಲಗೆ ಹೇಳಿದ. ದಮಯಂತಿಗೆ ಯಾವುದೂ ತಲೆಗೆ ಹೋಗಲಿಲ್ಲ. ಅವಳ ಕಣ್ಣು ಅಶೋಕನ ಕಾಲಿನ ಮೇಲಿತ್ತು.

ಸುಮ್ಮನೆ ಕೂತರೆ ಕಾಲು ಕುಣಿಸುವುದು ಅಶೋಕನಿಗೆ ಸಣ್ಣಂದಿನ ಚಾಳಿ. ದಪ್ಪ ಅಡಿಯ ಬೂಟು ಹಾಕಿದ ಎಡಗಾಲಿನ ಹಿಮ್ಮಡಿ ದೋಣಿಯ ಮರಕ್ಕೆ ಟಕಟಕ ಬಡಿಯತೊಡಗಿತು. ನಾಲ್ಕು ಚಳಿಗಾಲದ ಅಭ್ಯಾಸ; ಧರ್ಣಪ್ಪನ ಅಂಗಾಲು ಕುಟ್ಟಿದ್ದು ಯಾರೆಂದು ಕೇಳಲಿಲ್ಲ. ದೋಣಿ ಎಡಕ್ಕೆ ತಿರುಗಿತು. ಅವನು ಮೊಬೈಲಿನಿಂದ ತಲೆ ಎತ್ತದೆ ಇನ್ನಷ್ಟು ಬಡಿದ. ದೋಣಿ ಇನ್ನಷ್ಟು ಎಡಕ್ಕೆ ಹೋಯಿತು. ದಮಯಂತಿ ಕೂತಲ್ಲಿಂದಲೇ ಹಿಮ್ಮಡಿ ಊರಿ ಕುಟ್ಟಿದಳು. ಬಿಡಿ ಹಲಗೆ ಮಂದವಾಗಿ ಸದ್ದು ಮಾಡಿತು, ದೋಣಿಗೆ ತಾಗಲಿಲ್ಲ. ಕೇದಗೆಯ ಮುಳ್ಳು ರಹ್ಮತನ ಜಾಕೆಟ್ಟು ಹಿಡಿದೆಳೆಯಿತು. ತಳ ಕಲ್ಲಿಗೆ ಕರ್ ಎಂದು ಉಜ್ಜಿತು. ಅಶೋಕ ಗಾಬರಿಯಾಗಿ ಎರಡೂ ಕಾಲು ಊರಿದ. ದೋಣಿ ನಿಂತಿತು.

ಧರ್ಣಪ್ಪ ಗಳವನ್ನು ತೋಳಿಗೆ ಆನಿಸಿಕೊಂಡು, ಎದುರಿನ ದಡದ ಕಡೆ ಬೆರಳು ತೋರಿಸಿ ಪಿಸುಗುಟ್ಟಿದ: “ಅಲ್ಲಿ. ಸದ್ದು ಮಾಡಬೇಡಿ.”

ಎಲ್ಲರೂ ನೋಡಿದರು. ಕೆಸರು, ಬೇರು, ನೀರಿನಲ್ಲಿ ಕೊಳೆಯುತ್ತಿದ್ದ ಒಂದು ಸೋಗೆ. ರಹ್ಮತ ಕ್ಯಾಮರಾ ಕಣ್ಣಿಗಿಟ್ಟು ಕಾದ. ಧರ್ಣಪ್ಪನ ಮುಖದಲ್ಲಿ ಅತಿಥಿಗಳಿಗೆ ತೋರಿಸುವ ಹೆಮ್ಮೆಯ ನಗು. ಆಗ ಹಿಂದುಗಡೆ, ಬಲಗಡೆಯ ಕುದುರಿನಿಂದ ಶಿಳ್ಳೆ ಬಂತು. ಒಂದಲ್ಲ, ಮೂರು ನಾಲ್ಕು, ಒಂದರ ಮೇಲೊಂದು.

“ಮಾವ, ಶಿಳ್ಳೆ ಆ ಕಡೆಯಿಂದ ಅಲ್ವಾ?” ಎಂದಳು ಮೋಕ್ಷಿತಾ.

ಮಾವ ಎಡಗಡೆಗೇ ನೋಡುತ್ತಿದ್ದ. ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಅಶೋಕ ತಿರುಗಿ, ಅಪ್ಪ ಎಂದು ಕರೆದ. ಮತ್ತೆ ಕರೆದ. ದೋಣಿಯ ಈ ತುದಿಯಿಂದ ಆ ತುದಿಗೆ ಎಷ್ಟು ದೂರ? ಅಪ್ಪ ಅವನ ತಲೆಯ ಮೇಲಿಂದ ಖಾಲಿ ದಡವನ್ನು ನೋಡಿ ನಗುತ್ತಲೇ ಇದ್ದ.

ಅಶೋಕ ತಾಯಿಯ ಕಡೆ ನೋಡಿದ. ಇಂಥ ಹೊತ್ತಿಗೆ ಹೇಳಲು ಅವಳಲ್ಲಿ ಸುಳ್ಳುಗಳಿದ್ದವು, ಬಳಸಿ ಸವೆದವು. ನೀರುನಾಯಿ ಈಗಷ್ಟೇ ಮುಳುಗಿತು ಎನ್ನಬಹುದಿತ್ತು. ಅಪ್ಪ ಬೇಕೆಂದೇ ಸುಮ್ಮನಿದ್ದಾರೆ ಎನ್ನಬಹುದಿತ್ತು. ಆದರೆ ಕಲ್ಲಿಗೆ ಉಜ್ಜಿದ ದೋಣಿ ಇನ್ನೂ ಒಂದು ಕಡೆಗೆ ವಾಲಿತ್ತು, ಮೋಕ್ಷಿತಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

“ಅಪ್ಪನಿಗೆ ಕಿವಿ ಕೇಳುವುದಿಲ್ಲ,” ಎಂದಳು. “ವರ್ಷಗಟ್ಟಲೆ ಆಯ್ತು. ನೀನು ಎದ್ದು ಈಚೆ ಬಾ. ಅದು ನಾನು ಕೂರುವ ಜಾಗ.”

ಅವಳು ಪಿಸುಮಾತಿನಲ್ಲಿ ಹೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ದಿನದ ಸ್ವರದಲ್ಲಿ ಹೇಳಿದಳು. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದವನಿಗೆ ಅವನ ಗುಟ್ಟು ಬಯಲಾದದ್ದು ಕೇಳಲಿಲ್ಲ. ಅದೇ ಅವಳಿಗೆ ತಡೆಯದಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಚಳಿಯೆಂದು ಯಾರಾದರೂ ತಿಳಿದರೆ ತಿಳಿಯಲಿ.

ಧರ್ಣಪ್ಪನಿಗೆ ಗೊತ್ತಾದದ್ದು ಮುಖಗಳನ್ನು ನೋಡಿ. ಮಗನ ಮುಖ, ಆಮೇಲೆ ಸೊಸೆಯದು, ಆಮೇಲೆ ಕ್ಯಾಮರಾ ಇಳಿಸಿ ನೀರು ನೋಡುತ್ತಿದ್ದ ರಹ್ಮತನದು. ಕೊನೆಗೆ ಹೆಂಡತಿಯ ಮುಖ. ಅವನು ಚಾಚಿದ ಬೆರಳನ್ನು ಮಡಚಿಕೊಂಡ. ಗಳವನ್ನು ಮರಳಿಗೆ ಬಲವಾಗಿ ಊರಿ, ದೋಣಿ ಅಲುಗದ ಹಾಗೆ ಹಿಡಿದು ನಿಂತ. ಅವಳೂ ಅಶೋಕನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾಗ ಬದಲಿಸಿದರು.

ಅವಳು ಬಲ ಹಿಮ್ಮಡಿಯಿಂದ ಕುಟ್ಟಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ದೋಣಿ ಕಲ್ಲು ಬಿಟ್ಟು ಹಿಂದೆ ಸರಿದು, ಬಲಕ್ಕೆ ತಿರುಗಿತು.

ನೀರುನಾಯಿಗಳು ಕುದುರಿನ ಮರಳಿನ ಮೇಲೆಯೇ ಇದ್ದವು. ತಾಯಿ ಒಂದು ದೊಡ್ಡ ಮೀನನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು ತಲೆಯ ಕಡೆಯಿಂದ ತಿನ್ನುತ್ತಿತ್ತು. ಮೂರು ಮರಿಗಳು ಪಾಲಿಗಾಗಿ ಕಿರುಚುತ್ತಿದ್ದವು. ಕೊಟ್ಟರೆ ಒಂದು ತೆಗೆದುಕೊಂಡು ಓಡುತ್ತಿತ್ತು, ಉಳಿದೆರಡು ಅದರ ಬೆನ್ನು ಹತ್ತುತ್ತಿದ್ದವು. ಮೋಕ್ಷಿತಾ ಉಸಿರು ಬಿಗಿಹಿಡಿದು ನೋಡಿದಳು. ರಹ್ಮತ ಬೇಕಾದಷ್ಟು ಫೋಟೋ ತೆಗೆದ. ಅಶೋಕ ನೀರುನಾಯಿಗಳನ್ನು ನೋಡಲಿಲ್ಲ. ತಾಯಿಯ ಬರಿಗಾಲು ನೋಡುತ್ತಿದ್ದ.

ದಡಕ್ಕೆ ಬಂದ ಮೇಲೆ ಮಾತಾಯಿತು. ಅಶೋಕ ಅಂಗಳದಲ್ಲಿ ಆಚೀಚೆ ನಡೆದ. ಹೇಳದೆ ಇದ್ದದ್ದು ತಪ್ಪು ಎಂದ, ದಮಯಂತಿ ಹೌದೆಂದಳು. ಸೈರನ್ ಆದರೆ ಏನು ಗತಿ ಎಂದ. ನವೆಂಬರಿನಲ್ಲಿ ಆದದ್ದನ್ನೂ ಅವಳು ಮುಚ್ಚಿಡದೆ ಹೇಳಿದಳು. ಅವನು ಮೆಟ್ಟಿಲಿನ ಮೇಲೆ ಕೂತುಬಿಟ್ಟ. ಇನ್ನು ದೋಣಿ ಬೇಡವೇ ಬೇಡ ಎಂದ.

ಧರ್ಣಪ್ಪ ಅಷ್ಟು ಹೊತ್ತೂ ಕೆಳಗೆ ದೋಣಿ ತೊಳೆಯುತ್ತಿದ್ದ. ಆಮೇಲೆ ಮೇಲೆ ಬಂದ. ಇಷ್ಟು ವರ್ಷ ಮಾತು ಕೇಳದಿದ್ದರೆ ತಲೆಯಾಡಿಸಿ ನಕ್ಕುಬಿಡುತ್ತಿದ್ದವನು, ಆವತ್ತು ಹೆಂಡತಿಯ ಎದುರು ನಿಂತು, “ಏನು ಹೇಳ್ತಾನೆ ಅವ?” ಎಂದು ಕೇಳಿದ.

ದಮಯಂತಿ ಅವನ ಕಿವಿಯ ಹತ್ತಿರ ಬಾಯಿ ತಂದು, “ದೋಣಿ ಬಿಡಬೇಕಂತೆ” ಎಂದಳು.

“ನೀನು ಏನು ಹೇಳ್ತಿ?”

ಅವಳು ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಯೋಚಿಸಿಯಾಗಿತ್ತು. “ಹೊರಗಿನವರನ್ನು ಇನ್ನು ಕೂರಿಸುವುದು ಬೇಡ. ಶಂಭುವಿಗೆ ನಾನು ಹೇಳ್ತೇನೆ. ನಾನಿಲ್ಲದೆ ನೀವು ದೋಣಿಗೆ ಕಾಲು ಹಾಕಬಾರದು. ನಾನಿದ್ದರೆ ಹೋಗುವ.”

ಧರ್ಣಪ್ಪ ಅವಳ ತುಟಿಗಳನ್ನೇ ನೋಡುತ್ತಾ ಕೇಳಿದ. ಅವನಿಗೆ ಅದು ಸಣ್ಣ ನಷ್ಟವಲ್ಲ. ನಲವತ್ತು ವರ್ಷ ಜನರನ್ನು ದಾಟಿಸಿದವನು. ಹೊಳೆಯ ಕಡೆ ಒಮ್ಮೆ ತಿರುಗಿ ನೋಡಿದ. ಆಯಿತು ಎಂದ. ಆಮೇಲೆ ಅವಳ ಕಾಲಿನ ಕಡೆ ನೋಡಿ, “ನಿನ್ನ ಹಿಮ್ಮಡಿ ನೋಯುವುದಿಲ್ವಾ?” ಎಂದು ಕೇಳಿದ.

“ನೋಯ್ತದೆ,” ಎಂದಳು ದಮಯಂತಿ.

ಅಶೋಕ ಮತ್ತೆ ರೆಸಾರ್ಟಿನ ಮಾತೆತ್ತಲಿಲ್ಲ. ಮಂಗಳೂರಿಗೆ ಹೋಗಿ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಎರಡು ಜಾಕೆಟ್ಟು ತಂದ. ಅದಿಲ್ಲದೆ ದೋಣಿ ಬಿಚ್ಚುವುದಿಲ್ಲ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಮೋಕ್ಷಿತಾ ಮಾವನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದಳು. ಇನ್ನೂ ಮೊದಲೇ ಬರಬೇಕಿತ್ತು ಎಂದರು ಅವರು. ಹಾಕಿಕೊಟ್ಟ ಯಂತ್ರದಲ್ಲಿ ಮಿಕ್ಸಿಯೂ ಕಾಗೆಯೂ ಟಿವಿಯ ಜಾಹೀರಾತೂ ಒಂದೇ ಸಮನೆ ಕೇಳುತ್ತದೆಂದು ಧರ್ಣಪ್ಪ ಗೊಣಗುತ್ತಾನೆ. ಮನೆಯೊಳಗೆ ಹಾಕಿಕೊಳ್ಳುತ್ತಾನೆ, ಹೊಳೆಗೆ ಇಳಿಯುವಾಗ ತೆಗೆದಿಡುತ್ತಾನೆ.

ಜನವರಿಯ ಒಂದು ಬೆಳಿಗ್ಗೆ ಇಬ್ಬರೂ ಹುಲ್ಲಿಗೆ ಹೊರಟರು. ಕಿತ್ತಳೆ ಜಾಕೆಟ್ಟಿನಲ್ಲಿ ತಾವು ರಸ್ತೆ ಕೆಲಸದವರ ಹಾಗೆ ಕಾಣುತ್ತೇವೆಂದು ದಮಯಂತಿಗೆ ಮುಜುಗರ. ಮುಂದಿನ ಹಲಗೆಯ ಮೇಲೆ ಎಂದಿನಂತೆ ಗಂಡನಿಗೆ ಬೆನ್ನು ಹಾಕಿ ಕೂತಳು. ದೋಣಿ ಕವಲಿನ ಬಾಯಿಗೆ ಬಂದಾಗ, ಇನ್ನು ಯಾರಿಂದ ಏನನ್ನು ಮುಚ್ಚಿಡಬೇಕು ಎಂದು ಅವಳಿಗೆ ಅನಿಸಿತು. ಹಲಗೆ ಹಿಡಿದು ಒಂದೊಂದೇ ಕಾಲು ಎತ್ತಿಟ್ಟು, ತಿರುಗಿ ಅವನಿಗೆ ಮುಖ ಮಾಡಿ ಕೂತಳು. ಮುಂದಿನದ್ದನ್ನು ಅವನು ನೋಡುತ್ತಾನೆ. ಸುತ್ತಲಿನದ್ದನ್ನು ಇವಳು ಕೇಳಿದರೆ ಸಾಕು.

ಗಳ ಊರುವಾಗ ಧರ್ಣಪ್ಪ ಕೆಳತುಟಿಯನ್ನು ಒಳಗೆ ಕಚ್ಚಿಕೊಳ್ಳುತ್ತಾನೆ, ಎತ್ತುವಾಗ ಬಿಡುತ್ತಾನೆ. ಇಷ್ಟು ವರ್ಷದ ಮೇಲೆ ಅವಳು ಇದನ್ನು ಆಗ ನೋಡಿದಳು. ಏನು ಎಂದು ಅವನು ಹುಬ್ಬು ಹಾರಿಸಿದ. ಏನಿಲ್ಲ ಎಂದು ಅವಳು ತಲೆಯಾಡಿಸಿದಳು. ಎಡಗಡೆಯ ಬೇರುಗಳ ಸಂದಿನಿಂದ ಶಿಳ್ಳೆ ಬಂದಾಗ ಕಾಲನ್ನು ಹಾಗೇ ಇಟ್ಟು, ಆ ಕಡೆಗೆ ಕೈ ಎತ್ತಿದಳು.